ಮನಸ್ಸಿನ ವೇಗವನ್ನು ಅಳೆದ ವುಂಟ್

ಕಪಿಲೆಯ ದಡದ ನಂಜನಗೂಡಿನಲ್ಲಾಗಲಿ, ಆ ನದಿ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಾಗಲಿ, ಯಾವ ಶಾಲೆಯನ್ನು ಹೊಕ್ಕು ನೋಡಿದರೂ ಪಾಠದ ನಡುವೆ ಮೈಮರೆತು ಕಿಟಕಿಯಾಚೆ ನೋಡುವ ಮಗುವೊಂದು ಕಣ್ಣಿಗೆ ಬೀಳುವುದುಂಟು. ಹೆಸರು ಹಿಡಿದು ಕರೆದಾಗ ಬೆಚ್ಚಿ ಎದ್ದುನಿಲ್ಲುವ ಆ ಮಗುವನ್ನು ಸೋಮಾರಿಯೆಂದೂ ದಡ್ಡನೆಂದೂ ಜರೆಯುವುದು ಹಿಂದಿನಿಂದ ಬಂದ ರೂಢಿ. ಅಂಥ ನಿಂದೆಯನ್ನು ಉಂಡು ಬೆಳೆದ ಬಾಲಕನೊಬ್ಬನು ಮುಂದೆ ಮನಸ್ಸಿನ ವೇಗವನ್ನೇ ಅಳೆಯುವ ವಿಜ್ಞಾನಿಯಾದನು. ಆತನೇ ಜರ್ಮನಿಯ ವಿಲ್‌ಹೆಲ್ಮ್ ವುಂಟ್.

ವುಂಟನು ಹುಟ್ಟಿದುದು 1832ನೆಯ ಆಗಸ್ಟ್ 16ರಂದು, ಮಾನ್‌ಹೈಮ್ ನಗರದ ಬಳಿಯ ನೆಕರೌ ಎಂಬ ಊರಿನಲ್ಲಿ. ತಂದೆ ಕ್ರೈಸ್ತ ಪಾದ್ರಿ. ಒಡನಾಡಿಗಳು ಕಡಮೆಯಿದ್ದ ಬಾಲಕನಿಗೆ ಹಗಲುಗನಸೇ ಸಂಗಾತಿಯಾಯಿತು. ತರಗತಿಯಲ್ಲಿ ಕುಳಿತಿದ್ದರೂ ಮನಸ್ಸು ಎಲ್ಲಿಯೋ ಅಲೆಯುತ್ತಿತ್ತು. ಅದಕ್ಕಾಗಿ ಕೆನ್ನೆಗೆ ಏಟು ಬಿದ್ದುದೂ ಉಂಟು. ಬ್ರುಖ್‌ಸಾಲ್ ಎಂಬಲ್ಲಿನ ಪ್ರೌಢಶಾಲೆಯನ್ನು ಸೇರಿದ ಮೊದಲ ವರ್ಷವೇ ಅವನು ಅನುತ್ತೀರ್ಣನಾದನು. ಹೆಚ್ಚಿನ ಓದು ಇವನಿಗೆ ಒಗ್ಗದು, ಅಂಚೆ ಇಲಾಖೆಯಲ್ಲಿ ಕೆಲಸ ಹುಡುಕಿಕೊಳ್ಳುವುದೇ ಲೇಸು ಎಂದು ಅಲ್ಲಿಯ ಉಪಾಧ್ಯಾಯರೊಬ್ಬರು ನಿರ್ಧರಿಸಿಬಿಟ್ಟರು.

ಮನೆಯವರು ಮಾತ್ರ ಕೈಬಿಡದೆ ಅವನನ್ನು ಹೈಡೆಲ್‌ಬರ್ಗ್‌ನ ಶಾಲೆಗೆ ಸೇರಿಸಿದರು. ಅಲ್ಲಿ ಗೆಳೆಯರು ದೊರೆತರು. ಓದಿನಲ್ಲಿ ಆಸಕ್ತಿ ಮೂಡಿತು. ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿ 1856ರಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿದ ವುಂಟನು, 1858ರಲ್ಲಿ ಹೆಸರಾಂತ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್‌ನ ಸಹಾಯಕನಾದನು. ಲೋಲಕವು ಒಂದು ಗುರುತನ್ನು ದಾಟುವಾಗ ಗಂಟೆ ಬಾರಿಸುವ ಉಪಕರಣವನ್ನು ರಚಿಸಿ, ಕಣ್ಣಿನ ನೋಟವನ್ನೂ ಕಿವಿಯ ಸದ್ದನ್ನೂ ಮನಸ್ಸು ಒಂದೇ ಕ್ಷಣದಲ್ಲಿ ಗ್ರಹಿಸಲಾರದೆಂದು ಕಂಡುಕೊಂಡನು. ಗಮನವು ಒಂದರಿಂದ ಮತ್ತೊಂದಕ್ಕೆ ಹೊರಳಲು ಅಲ್ಪವಾದರೂ ಕಾಲ ಬೇಕು.

1875ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾಗಿ, 1879ರಲ್ಲಿ ಅಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ಆತನು ಸ್ಥಾಪಿಸಿದನು. ಬೆಳಕು ಕಂಡೊಡನೆ ಅಥವಾ ಸದ್ದು ಕೇಳಿದೊಡನೆ ಗುಂಡಿಯನ್ನು ಒತ್ತಲು ಹಿಡಿಯುವ ವೇಳೆಗೆ ಪ್ರತಿಕ್ರಿಯಾಕಾಲವೆಂದು ಹೆಸರು. ಸೆಕೆಂಡಿನ ಸಾವಿರದ ಒಂದು ಭಾಗವನ್ನೂ ತೋರುವ ಗಡಿಯಾರದಿಂದ ಅಲ್ಲಿ ಅದನ್ನು ಅಳೆದರು. ಅನೇಕ ದೇಶಗಳ ವಿದ್ಯಾರ್ಥಿಗಳು ಬಂದು ಕಲಿತರು. 1920ನೆಯ ಆಗಸ್ಟ್ 31ರಂದು, ತನ್ನ 88ನೆಯ ವಯಸ್ಸಿನಲ್ಲಿ ವುಂಟನು ತೀರಿಕೊಂಡನು.

ಆ ವಿದ್ಯೆ ನಮ್ಮ ನಾಡಿಗೂ ಬಂದಿತು. ವುಂಟನ ಶಿಷ್ಯನಾದ ಸ್ಪಿಯರ್‌ಮನ್ ಲಂಡನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದನು. ಅವನಲ್ಲಿ ಕಲಿತ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದವರೂ ಇವರೇ.

ಇಂದು ವೈದ್ಯರು ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯೊಂದನ್ನು ಗುರುತಿಸಿದ್ದಾರೆ, ಎ.ಡಿ.ಎಚ್‌.ಡಿ. ಎಂಬುದು ಅದರ ಸಂಕ್ಷಿಪ್ತ ನಾಮ. ಇದುಳ್ಳ ಮಕ್ಕಳ ಪ್ರತಿಕ್ರಿಯಾಕಾಲವನ್ನು ಅಳೆದಾಗ ಒಂದು ಸಂಗತಿ ಮತ್ತೆ ಮತ್ತೆ ಕಂಡುಬಂದಿದೆ. ಅನೇಕ ಸಲ ಅವರು ಇತರರಂತೆಯೇ ಬೇಗ ಗುಂಡಿಯನ್ನು ಒತ್ತುತ್ತಾರೆ; ನಡುನಡುವೆ ಮಾತ್ರ ಬಹಳ ತಡವಾಗುತ್ತದೆ. ಆ ಗಳಿಗೆಯಲ್ಲಿ ಗಮನವು ಜಾರಿರುತ್ತದೆ. ಬರಿಯ ಸರಾಸರಿಯನ್ನು ನೋಡಿದರೆ ಮಗು ನಿಧಾನವೆನ್ನಿಸೀತು. ಒಂದೊಂದು ಅಳತೆಯನ್ನೂ ನೋಡಿದರೆ, ಕೊರತೆಯಿರುವುದು ವೇಗದಲ್ಲಿ ಎನ್ನುವುದಕ್ಕಿಂತ ಸ್ಥಿರತೆಯಲ್ಲಿ ಎಂದು ತಿಳಿಯುತ್ತದೆ. ನಿನ್ನೆ ಬಂದ ಲೆಕ್ಕ ಇಂದೇಕೆ ಬಾರದೆಂದು ಗದರುವವರು ಇದನ್ನು ಅರಿಯಬೇಕು. ಈ ಅಳತೆಯೊಂದರಿಂದಲೇ ತೊಂದರೆಯನ್ನು ನಿರ್ಣಯಿಸಲಾಗದು. ಅದು ವೈದ್ಯರ ಕೆಲಸ. ಮೈಮರೆಯುವವರೆಲ್ಲರಿಗೂ ಆ ತೊಂದರೆ ಇರುವುದಿಲ್ಲ. ವುಂಟನಿಗೆ ಅದಿತ್ತೆಂದು ಹೇಳುವುದೂ ಸರಿಯಲ್ಲ.

ಆದರೆ ಏಟಿನಿಂದ ಅವನ ಗಮನ ನೆಲೆಗೊಳ್ಳಲಿಲ್ಲವೆಂಬುದು ನಿಜ. ನಿಮ್ಮ ಪಕ್ಕದಲ್ಲಿ ಕುಳಿತ ಗೆಳೆಯನು ಮೈಮರೆತಾಗ ನಗಬೇಡಿರಿ. ಮೆಲ್ಲನೆ ಭುಜವನ್ನು ಮುಟ್ಟಿ, ಪಾಠ ನಡೆಯುತ್ತಿರುವ ಪುಟವನ್ನು ತೋರಿಸಿರಿ.