ಮೂವತ್ತೆರಡು ಅಂಗುಲದ ನಳಿಗೆ, ತೊಂಬತ್ತು ವರ್ಷದ ಬದುಕು

ಹಾರುವ ಕಾಡುಬಾತಿಗೆ ಎಷ್ಟುದ್ದದ ನಳಿಗೆಯ ಕೋವಿ ಬೇಕು? ಅಮೆರಿಕದ ಬೇಟೆಗಾರರು ನೂರು ವರ್ಷಗಳಿಂದ ಈ ಪ್ರಶ್ನೆ ಹಿಡಿದು ವಾದ ಮಾಡುತ್ತಲೇ ಇದ್ದಾರೆ. ಇಪ್ಪತ್ತೆಂಟು ಅಂಗುಲ ಸಾಕು ಅಂತ ಒಬ್ಬ, ಮೂವತ್ತಾದರೂ ಇರಲಿ ಅಂತ ಇನ್ನೊಬ್ಬ. ಈ ವಾದದಲ್ಲಿ ಇಂದಿಗೂ ತಪ್ಪದೆ ಬರುವ ಹೆಸರು ನ್ಯಾಶ್ ಬಕಿಂಗ್‌ಹ್ಯಾಮ್ ಅವರದು. ಅವರದು ಮೂವತ್ತೆರಡು ಅಂಗುಲದ ಜೋಡಿ ನಳಿಗೆ. ಆದರೆ ಅವರ ಕಥೆ ಬರೀ ಕೋವಿಯ ಕಥೆಯಲ್ಲ. ಬೇಟೆಯಾಡುತ್ತಲೇ, ಬೇಟೆಯ ಹಕ್ಕಿ ಕಣ್ಣೆದುರೇ ಕರಗುವುದನ್ನು ಕಂಡು, ತನ್ನಂಥ ಬೇಟೆಗಾರರ ಕೈಯನ್ನೇ ಕಟ್ಟಿಹಾಕಲು ಹೊರಟವರ ಕಥೆ ಅದು.

ಥಿಯೋಫಿಲಸ್ ನ್ಯಾಶ್ ಬಕಿಂಗ್‌ಹ್ಯಾಮ್ ಹುಟ್ಟಿದ್ದು 1880ರ ಮೇ 31ರಂದು, ಟೆನೆಸಿ ರಾಜ್ಯದ ಮೆಂಫಿಸ್ ಪಟ್ಟಣದಲ್ಲಿ. ಪಕ್ಕದಲ್ಲೇ ಮಿಸಿಸಿಪ್ಪಿ ನದಿ. ನದಿ ದಿಕ್ಕು ಬದಲಿಸಿದಾಗ ಹಿಂದೆ ಉಳಿದ ಹಳೇ ಪಾತ್ರಗಳೆಲ್ಲ ಅಲ್ಲಿ ಸರೋವರಗಳಾಗಿವೆ. ಅಂಥ ಒಂದು ಸರೋವರ ಬೀವರ್ ಡ್ಯಾಮ್. ಅಲ್ಲಿನ ಬೇಟೆ ಕ್ಲಬ್ಬಿಗೆ ತಂದೆ ಸದಸ್ಯರಾಗಿದ್ದರು. ಬಾಲಕ ನ್ಯಾಶ್ ಕೋವಿ ಹಿಡಿಯಲು ಕಲಿತದ್ದು ಆ ನೀರಿನ ಮೇಲೆಯೇ. ಆಗ ಚಳಿಗಾಲ ಬಂತೆಂದರೆ ಉತ್ತರದ ಕೆನಡಾದಿಂದ ಇಳಿದು ಬರುವ ಬಾತುಗಳಿಗೆ ಲೆಕ್ಕವೇ ಇರಲಿಲ್ಲ. ಸಂತೆಗೆ ಹಕ್ಕಿ ಮಾರುವುದನ್ನೇ ಕಸುಬು ಮಾಡಿಕೊಂಡವರೂ ಇದ್ದರು.

ಮುಂದೆ ಹಾರ್ವರ್ಡಿನಲ್ಲೂ ಟೆನೆಸಿ ವಿಶ್ವವಿದ್ಯಾಲಯದಲ್ಲೂ ಓದಿದರು, ಫುಟ್‌ಬಾಲ್ ಆಡಿದರು. ಪತ್ರಿಕೆಗೆ ಕ್ರೀಡಾ ವರದಿ ಬರೆದರು, ಆಟದ ಸಾಮಾನಿನ ಅಂಗಡಿ ನಡೆಸಿದರು. 1925ರಲ್ಲಿ ವೆಸ್ಟರ್ನ್ ಕಾರ್ಟ್ರಿಜ್ ಕಂಪನಿ ಸೇರಿದ್ದು ಅವರ ಬದುಕಿನ ತಿರುವು.

ಕೋವಿ ಹುಟ್ಟಿದ ಬಗೆ

ಆ ಕಂಪನಿ ಆಗ ತಾನೇ ಹೊಸ ಬಗೆಯ ತೋಟಾ ತಯಾರಿಸಿತ್ತು. ಅದರ ಮದ್ದು ಒಮ್ಮೆಲೇ ಭುಗಿಲೆನ್ನದೆ ಹಂತಹಂತವಾಗಿ ಉರಿದು ಚರೆಯನ್ನು ತಳ್ಳುತ್ತಿತ್ತು. ಹಾಗಾಗಿ ಹೆಚ್ಚು ಚರೆ ತುಂಬಿಯೂ ಒತ್ತಡ ಮಿತಿಯಲ್ಲಿ ಇಡಬಹುದಿತ್ತು. ಈ ಬಲವಾದ ತೋಟಾಕ್ಕೆ ತಕ್ಕ ಕೋವಿ ಬೇಕಲ್ಲ? ಫಿಲಡೆಲ್ಫಿಯಾದ ಫಾಕ್ಸ್ ಕಂಪನಿ ಭಾರದ ಕೋವಿಯೊಂದನ್ನು ಮಾರುಕಟ್ಟೆಗೆ ತಂದಿತು. ಅದೇ ಊರಿನ ಬರ್ಟ್ ಬೆಕರ್ ಎಂಬ ಕುಶಲಕರ್ಮಿ ಅದರ ನಳಿಗೆಗಳನ್ನು ಕೊರೆದು ಹದ ಮಾಡುವುದರಲ್ಲಿ ನಿಸ್ಸೀಮ. ಆತ ಬಕಿಂಗ್‌ಹ್ಯಾಮ್ ಅವರಿಗಾಗಿ ಹನ್ನೆರಡು ಬೋರಿನ ಕೋವಿ ಮಾಡಿಕೊಟ್ಟ. ಮೂರು ಅಂಗುಲದ ತೋಟಾ, 32 ಅಂಗುಲದ ನಳಿಗೆ, ತೂಕ ಹತ್ತು ಪೌಂಡಿನ ಆಸುಪಾಸು, ಅಂದರೆ ಸುಮಾರು ನಾಲ್ಕೂವರೆ ಕೆ.ಜಿ. ನಳಿಗೆಯ ಮೇಲೆ ಯಜಮಾನರ ಹೆಸರನ್ನೂ ಕೆತ್ತಿದ. ಕೋವಿ ಹಾರಿದಾಗ ಬರುತ್ತಿದ್ದ ಗಂಭೀರ ಸದ್ದು ಕೇಳಿ ಗೆಳೆಯ ಕರ್ನಲ್ ಹೆರಾಲ್ಡ್ ಶೆಲ್ಡನ್ ಅದಕ್ಕೆ ಇಟ್ಟ ಹೆಸರು ಬೋ-ವೂಪ್.

ಇಷ್ಟುದ್ದ ಯಾಕೆ? ಉದ್ದ ನಳಿಗೆಯಿಂದ ಚರೆ ಬಹಳ ದೂರ ಹೋಗುತ್ತದೆ ಎನ್ನುವುದು ಜನರ ನಂಬಿಕೆ. ಹಳೇ ಕರಿಮದ್ದಿನ ಕಾಲದಲ್ಲಿ ಅದರಲ್ಲಿ ಅರ್ಥವಿತ್ತು, ಕರಿಮದ್ದಿನ ಬಲ ಪೂರ್ತಿ ಸಿಗಬೇಕಾದರೆ ಉದ್ದ ಬೇಕಿತ್ತು. ಹೊಗೆಯಿಲ್ಲದ ಮದ್ದು ಬಂದ ಮೇಲೆ ಒಂದು ಅಂಗುಲ ಹೆಚ್ಚಿಸಿದರೆ ಚರೆಯ ವೇಗ ಏರುವುದು ಸೆಕೆಂಡಿಗೆ ಕೆಲವೇ ಅಡಿ. ಚರೆ ಚದುರದೆ ಒತ್ತಾಗಿ ಹೋಗುವುದು ಉದ್ದದಿಂದಲ್ಲ, ನಳಿಗೆಯ ತುದಿಯನ್ನು ಕೂದಲೆಳೆಯಷ್ಟು ಕಿರಿದು ಮಾಡುವ ಚೋಕ್‌ನಿಂದ. ಪೂರ್ತಿ ಚೋಕ್ ಇರುವ ಕೋವಿ ನಲವತ್ತು ಗಜ ದೂರದ ಮೂವತ್ತು ಅಂಗುಲದ ವೃತ್ತಕ್ಕೆ ನೂರಕ್ಕೆ ಎಪ್ಪತ್ತು ಚರೆ ಹಾಕಿದರೆ ಒಳ್ಳೆಯದೇ. ಬೆಕರ್ ಕೊರೆದ ನಳಿಗೆ ತೊಂಬತ್ತರ ಹತ್ತಿರ ಹಾಕುತ್ತಿತ್ತು ಎಂಬುದೇ ಬೋ-ವೂಪ್‌ನ ಖ್ಯಾತಿಗೆ ಮೂಲ.

ಹಾಗಾದರೆ ಉದ್ದ ದಂಡವೇ? ಅದೂ ಅಲ್ಲ. ಮುಂಭಾರವಿರುವ ಕೋವಿ ಒಮ್ಮೆ ಹಕ್ಕಿಯ ಜೊತೆ ತಿರುಗಲು ಶುರು ಮಾಡಿದರೆ ಮಧ್ಯದಲ್ಲಿ ನಿಲ್ಲುವುದಿಲ್ಲ, ತಾನೇ ಸಾಗುತ್ತದೆ. ಎತ್ತರದಲ್ಲಿ ಹಾದುಹೋಗುವ ಬಾತಿಗೆ ಗುರಿಯಿಡುವಾಗ ಹಕ್ಕಿಗಿಂತ ಎಷ್ಟೋ ಅಡಿ ಮುಂದೆ ಹೊಡೆಯಬೇಕು. ಕೈ ನಿಂತರೆ ಈಡು ಹಿಂದೆ ಬಿತ್ತು. ಅಲ್ಲಿ ಉದ್ದ ನಳಿಗೆ ಕೈ ಹಿಡಿಯುತ್ತದೆ. ತೂಕದಿಂದಾಗಿ ಭುಜಕ್ಕೆ ಬೀಳುವ ಒದೆತವೂ ಕಡಿಮೆ. ಅದೇ ಪೊದೆಯ ನಡುವೆ, ಇಕ್ಕಟ್ಟಿನ ಮರೆಯಲ್ಲಿ ಕೂತವನಿಗೆ ಅದು ತೊಡಕು. ಅದೇ ಕಾಲದಲ್ಲಿ ಲಂಡನ್ನಿನ ರಾಬರ್ಟ್ ಚರ್ಚಿಲ್ ಎಂಬ ಕೋವಿ ತಯಾರಕ 25 ಅಂಗುಲ ಸಾಕೆಂದು ಸಾಧಿಸುತ್ತಿದ್ದ. ಆತನ ಗಿರಾಕಿಗಳಿಗೆ ಥಟ್ಟನೆ ಎತ್ತಿ ಹೊಡೆಯಬೇಕಾಗಿತ್ತು. ಬಕಿಂಗ್‌ಹ್ಯಾಮರಿಗೆ ಕಾದು, ಅಳೆದು ಹೊಡೆಯಬೇಕಾಗಿತ್ತು. ಇಬ್ಬರೂ ಸರಿಯೇ. ಬಕಿಂಗ್‌ಹ್ಯಾಮ್ ಎತ್ತರದ ಆಳು, ಆ ಭಾರ ಎತ್ತುವ ತೋಳು ಅವರಿಗಿತ್ತು ಅನ್ನುವುದನ್ನೂ ಮರೆಯಬಾರದು. ಅವರನ್ನು ನೋಡಿ ಉದ್ದ ಕೋವಿ ಕೊಂಡು, ಅಳತೆ ಮೀರಿದ ದೂರಕ್ಕೆ ಹೊಡೆದು ಹಕ್ಕಿಯನ್ನು ಬರೀ ಗಾಯಗೊಳಿಸಿ ಬಿಟ್ಟವರೂ ಕಡಿಮೆಯೇನಲ್ಲ.

ಹಕ್ಕಿ ಕಾಯುವ ಕೆಲಸ

ಹಕ್ಕಿಗೆ ಗಡಿಯ ಗೊಡವೆ ಇಲ್ಲ. ಕೆನಡಾದಲ್ಲಿ ಮೊಟ್ಟೆ, ಅಮೆರಿಕದಲ್ಲಿ ಚಳಿಗಾಲ. ಆದ್ದರಿಂದಲೇ 1916ರಲ್ಲಿ ಕೆನಡಾದ ಪರವಾಗಿ ಬ್ರಿಟನ್ನಿನ ಜೊತೆ ಅಮೆರಿಕ ಒಪ್ಪಂದ ಮಾಡಿಕೊಂಡಿತು, 1918ರಲ್ಲಿ ವಲಸೆ ಹಕ್ಕಿಗಳ ಕಾಯ್ದೆ ಬಂತು. ಅದಾದ ಮೇಲೂ ಒಬ್ಬ ಬೇಟೆಗಾರ ದಿನಕ್ಕೆ 25 ಬಾತು ಹೊಡೆಯಬಹುದಿತ್ತು. ಸಾಕಿದ ಬಾತುಗಳನ್ನು ನೀರಿಗೆ ಕಟ್ಟಿ ಕಾಡಿನವನ್ನು ಕರೆಸುವುದು, ಜೋಳ ಚೆಲ್ಲಿ ಮೇಯಲು ಬಂದಾಗ ಹೊಡೆಯುವುದು ಎಲ್ಲವೂ ನಡೆದಿತ್ತು. 1930ರ ದಶಕದ ಬರಗಾಲದಲ್ಲಿ ಮೊಟ್ಟೆಯಿಡುವ ಹೊಂಡಗಳೇ ಒಣಗಿದಾಗ ಹಕ್ಕಿಸಂಖ್ಯೆ ಪಾತಾಳಕ್ಕಿಳಿಯಿತು.

ಬಕಿಂಗ್‌ಹ್ಯಾಮ್ ಲೇಖನಿ ಎತ್ತಿದ್ದು ಇದರ ವಿರುದ್ಧ. ಕಂಪನಿ ಕೆಲಸ ಬಿಟ್ಟು ಬಾತು ರಕ್ಷಣೆಯ ಸಂಘದಲ್ಲಿ ದುಡಿದರು. ಹಕ್ಕಿ ಕಟ್ಟಿಹಾಕಿ ಕರೆಸುವುದನ್ನೂ ಕಾಳು ಚೆಲ್ಲುವುದನ್ನೂ ನಿಲ್ಲಿಸಬೇಕೆಂದು ವಾದಿಸಿದರು. ಕ್ಲಬ್ಬುಗಳ ಶ್ರೀಮಂತರಿಗೆ ಇದು ರುಚಿಸಲಿಲ್ಲ. 1935ರಲ್ಲಿ ಸರ್ಕಾರ ಎರಡನ್ನೂ ನಿಷೇಧಿಸಿತು, ದಿನದ ಮಿತಿಯನ್ನು ಹತ್ತಕ್ಕೆ ಇಳಿಸಿತು. ಇದೇ ಅವಧಿಯಲ್ಲಿ, 1934ರಲ್ಲಿ, ಅವರ ಮೊದಲ ಕಥಾಸಂಗ್ರಹವೂ ಹೊರಬಂತು. ಆ ಕಥೆಗಳಲ್ಲಿ ಹಳೇ ದಕ್ಷಿಣದ ಜಮೀನ್ದಾರಿ ಬದುಕೂ, ಕರಿಯ ಸೇವಕರ ಮಾತಿನ ಧಾಟಿಯೂ ಬರುತ್ತದೆ. ಇಂದಿನ ಓದುಗನಿಗೆ ಅದು ಇರುಸುಮುರುಸು ತರುವುದು ಸಹಜ. ಆದರೆ ಕೆಸರು, ಮಂಜು, ನಾಯಿ, ರೆಕ್ಕೆಯ ಸದ್ದು ಇವನ್ನು ಅವರಂತೆ ಬರೆದವರು ವಿರಳ.

ಕಳೆದದ್ದು, ಸಿಕ್ಕಿದ್ದು

1948ರ ಡಿಸೆಂಬರಿನಲ್ಲಿ ಅರ್ಕನ್ಸಾದ ಕ್ಲಾರೆಂಡನ್ ಬಳಿ ಬೇಟೆ ಮುಗಿಸಿ ಹೊರಟಾಗ ಅರಣ್ಯ ರಕ್ಷಕರು ಲೈಸೆನ್ಸ್ ತಪಾಸಣೆಗೆ ಬಂದರು. ಹೆಸರುವಾಸಿ ಕೋವಿಯನ್ನು ಕೈಯಲ್ಲಿ ಹಿಡಿದು ನೋಡುವ ಆಸೆ ಅವರಿಗೆ. ನೋಡಿದ್ದಾಯಿತು, ಕೋವಿಯನ್ನು ಕಾರಿನ ಮಡ್‌ಗಾರ್ಡ್ ಮೇಲೆ ಇಟ್ಟದ್ದಾಯಿತು, ಹರಟೆಯಲ್ಲಿ ಮರೆತು ಕಾರು ಹೊರಟದ್ದೂ ಆಯಿತು. ನೆನಪಾಗಿ ತಿರುಗಿ ಬಂದರೆ ದಾರಿಯಲ್ಲಿ ಏನೂ ಇಲ್ಲ. ಬಹುಮಾನ ಸಾರಿದರೂ ಸಿಗಲಿಲ್ಲ. ಗೆಳೆಯರು ಅದೇ ಬೆಕರ್ ಕೈಯಿಂದ ಇನ್ನೊಂದು ಕೋವಿ ಮಾಡಿಸಿಕೊಟ್ಟರು. ಆದರೂ ಮೊದಲನೆಯ ಕೊರಗು ಹೋಗಲಿಲ್ಲ. 1971ರ ಮಾರ್ಚ್ 10ರಂದು ಅವರು ಕಣ್ಣುಮುಚ್ಚಿದಾಗ ಬೋ-ವೂಪ್ ಎಲ್ಲಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಅರ್ಧ ಶತಮಾನ ಕಳೆದು, 2000ದ ದಶಕದಲ್ಲಿ, ದಕ್ಷಿಣ ಕೆರೊಲಿನಾದ ಕೋವಿ ರಿಪೇರಿ ಅಂಗಡಿಗೆ ಮರದ ಹಿಡಿ ಮುರಿದ ಹಳೇ ಕೋವಿಯೊಂದು ಬಂತು. ನಳಿಗೆಯ ಮೇಲಿನ ಹೆಸರು ಓದಿದ ರಿಪೇರಿಯವನಿಗೆ ಕೈಯಲ್ಲಿರುವುದು ಏನೆಂದು ಗೊತ್ತಾಯಿತು. 2010ರ ಹರಾಜಿನಲ್ಲಿ ಅದು 2,01,250 ಡಾಲರಿಗೆ ಹೋಯಿತು. ಕೊಂಡವರು ಅದನ್ನು ಮನೆಯಲ್ಲಿಟ್ಟುಕೊಳ್ಳದೆ, ಬಾತುಗಳ ನೆಲೆ ಕಾಯುವ ಡಕ್ಸ್ ಅನ್‌ಲಿಮಿಟೆಡ್ ಸಂಸ್ಥೆಗೆ ಕೊಟ್ಟುಬಿಟ್ಟರು. ಸಂಸ್ಥೆಯ ಕಚೇರಿ ಇರುವುದು ಬಕಿಂಗ್‌ಹ್ಯಾಮ್ ಹುಟ್ಟಿದ ಮೆಂಫಿಸ್‌ನಲ್ಲೇ.

ಅಮೆರಿಕದಲ್ಲಿ 1991ರಿಂದ ಬಾತು ಬೇಟೆಗೆ ಸೀಸದ ಚರೆ ಕೂಡದು. ಕೆಸರಿನಲ್ಲಿ ಬಿದ್ದ ಚರೆಯನ್ನು ಕಲ್ಲುಹರಳೆಂದು ನುಂಗಿ ಹಕ್ಕಿಗಳು ವಿಷವೇರಿ ಸಾಯುತ್ತಿದ್ದವು. ನಮ್ಮಲ್ಲಂತೂ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಈ ಬೇಟೆಗೇ ಕಡಿವಾಣ ಬಿತ್ತು. ಬಕಿಂಗ್‌ಹ್ಯಾಮರು ಕಂಡ ಸೂಜಿಬಾಲದ ಬಾತಿನ ಬಳಗ ನಮ್ಮ ಕೆರೆಗಳಿಗೂ ಚಳಿಗಾಲದಲ್ಲಿ ಬರುತ್ತದೆ. ಅದನ್ನು ನೋಡಲು ನಳಿಗೆ ಬೇಡ, ದುರ್ಬೀನು ಸಾಕು. ಕೆರೆಯಲ್ಲಿ ನೀರಿದ್ದರಾಯಿತು.