ಚದುರಂಗವೀರ ಕಾಪಬ್ಲಾಂಕ

ಪ್ರಪಂಚದ ಮಹಾ ಚದುರಂಗಪಟುಗಳಲ್ಲಿ ಹೋಸೆ ರೌಲ್ ಕಾಪಬ್ಲಾಂಕನ ಹೆಸರು ಚಿರಸ್ಮರಣೀಯವಾದುದು. ಅವನು 1888ನೆಯ ಇಸವಿ ನವೆಂಬರ್ 19ರಂದು ಕ್ಯೂಬಾ ದ್ವೀಪದ ಹವಾನಾ ನಗರದಲ್ಲಿ ಜನಿಸಿದನು. ನಾಲ್ಕನೆಯ ವಯಸ್ಸಿನಲ್ಲಿ, ತಂದೆ ಆಡುತ್ತಿದ್ದುದನ್ನು ನೋಡಿಯೇ ಆಟವನ್ನು ಕಲಿತನೆಂದು ಪ್ರತೀತಿ. 1901ರಲ್ಲಿ, ಇನ್ನೂ ಬಾಲಕನಾಗಿದ್ದಾಗಲೇ, ಕ್ಯೂಬಾದ ಹೆಸರಾಂತ ಆಟಗಾರ ಹುವಾನ್ ಕೊರ್ಸೊನನ್ನು ಸೋಲಿಸಿದನು.

1911ರಲ್ಲಿ ಸ್ಪೇನ್ ದೇಶದ ಸಾನ್ ಸೆಬಾಸ್ಟಿಯನ್ನಿನಲ್ಲಿ ನಡೆದ ಸ್ಪರ್ಧೆಯಲ್ಲಿ ಅವನು ಪ್ರಥಮ ಸ್ಥಾನವನ್ನು ಗಳಿಸಿದನು. ಒಡನೆಯೇ ಜಗಜ್ಜೇತನಾಗಿದ್ದ ಜರ್ಮನಿಯ ಇಮ್ಯಾನುಯಲ್ ಲಾಸ್ಕರನಿಗೆ ಸವಾಲು ಹಾಕಿದನು. ಆ ಕಾಲದಲ್ಲಿ ಪಟ್ಟವು ಜೇತನ ಸ್ವಂತ ಆಸ್ತಿಯಂತೆ ಇದ್ದಿತು. ಯಾರೊಡನೆ, ಎಂದು, ಎಷ್ಟು ಹಣಕ್ಕೆ ಆಡಬೇಕೆಂಬುದನ್ನು ಅವನೇ ನಿರ್ಧರಿಸುತ್ತಿದ್ದನು. ಲಾಸ್ಕರನ ಷರತ್ತುಗಳು ಕಾಪಬ್ಲಾಂಕನಿಗೆ ಒಪ್ಪಿಗೆಯಾಗಲಿಲ್ಲ; ಮಾತುಕತೆ ಮುರಿದುಬಿತ್ತು. ಹತ್ತು ವರ್ಷಗಳು ಕಳೆದ ಮೇಲೆ, 1921ರಲ್ಲಿ, ಹವಾನಾದಲ್ಲಿ ಅವರಿಬ್ಬರೂ ಎದುರುಬದುರಾದರು. ಕಾಪಬ್ಲಾಂಕನು ಒಂದು ಆಟವನ್ನೂ ಸೋಲದೆ, ನಾಲ್ಕನ್ನು ಗೆದ್ದು, ಹತ್ತನ್ನು ಸಮ ಮಾಡಿಕೊಂಡು ಜಗಜ್ಜೇತನಾದನು.

ಮರುವರ್ಷ ಲಂಡನ್ನಿನಲ್ಲಿ ಅವನು ಪಟ್ಟದ ಪಂದ್ಯಕ್ಕೆ ನಿಯಮಗಳನ್ನು ರಚಿಸಿದನು. ಯೋಗ್ಯ ಸವಾಲು ಬಂದರೆ ಜೇತನು ಒಂದು ವರ್ಷದೊಳಗೆ ಆಡಬೇಕು; ಆದರೆ ಪಂದ್ಯದ ನಿಧಿ 10,000 ಡಾಲರುಗಳಿಗೆ ಕಡಿಮೆಯಿರಕೂಡದು ಎಂಬುದು ಅವುಗಳ ಸಾರ. ಆಟವನ್ನೇ ನಂಬಿ ಬದುಕುವವನಿಗೆ ತಕ್ಕ ಪ್ರತಿಫಲ ದೊರೆಯಬೇಕೆಂಬುದು ನ್ಯಾಯವೇ. ಆದರೂ ಬಡ ಆಟಗಾರನಿಗೆ ಅಷ್ಟು ಹಣವನ್ನು ಕೂಡಿಸುವುದು ದುಸ್ಸಾಧ್ಯವಾಗಿದ್ದಿತು. ಕೊನೆಗೆ ರಷ್ಯಾ ಮೂಲದ ಅಲೆಖಿನನು ಅರ್ಜೆಂಟೀನಾದವರ ನೆರವಿನಿಂದ ಹಣವನ್ನು ಹೊಂದಿಸಿದನು. 1927ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ 34 ಆಟಗಳ ದೀರ್ಘ ಹೋರಾಟ ನಡೆಯಿತು. ಅಲೆಖಿನನು ಆರು ಆಟಗಳನ್ನು ಗೆದ್ದನು. ಕಾಪಬ್ಲಾಂಕನಿಗೆ ಮೂರು ಗೆಲುವುಗಳು ಮಾತ್ರ ದಕ್ಕಿದವು.

ಕಳೆದುಕೊಂಡ ಪಟ್ಟಕ್ಕಾಗಿ ಮತ್ತೊಮ್ಮೆ ಸೆಣಸಲು ಕಾಪಬ್ಲಾಂಕನು ಹಂಬಲಿಸಿದನು. ಆಗ ಅಲೆಖಿನನು ಆ ಲಂಡನ್ ನಿಯಮಗಳನ್ನೇ ಮುಂದೊಡ್ಡಿದನು. ತಾನು ಕಟ್ಟಿದ ಗೋಡೆಯೇ ಕಾಪಬ್ಲಾಂಕನಿಗೆ ಅಡ್ಡವಾಯಿತು. ಅಲೆಖಿನನು 1929 ಮತ್ತು 1934ರಲ್ಲಿ ಬೊಗೊಲ್ಯೂಬೊವನೊಡನೆ ಪಟ್ಟಕ್ಕಾಗಿ ಆಡಿದನು. ಕಾಪಬ್ಲಾಂಕನೊಡನೆ ಮಾತ್ರ ಆಡಲಿಲ್ಲ. ಅದೇ ಅಲೆಖಿನನು 1935ರಲ್ಲಿ ಹಾಲೆಂಡಿನ ಯೂವೆಗೆ ಸೋತನು. ಯೂವೆ ಎರಡೇ ವರ್ಷಗಳಲ್ಲಿ ಮರುಪಂದ್ಯವನ್ನಿತ್ತು, ಸೋತು, ಪಟ್ಟವನ್ನು ಹಿಂದಿರುಗಿಸಿದನು. ಅವನು ಪಟ್ಟವನ್ನು ಕಳೆದುಕೊಂಡರೂ ಗೌರವವನ್ನು ಕಳೆದುಕೊಳ್ಳಲಿಲ್ಲ.

1936ರಲ್ಲಿ ನಾಟಿಂಗ್‌ಹ್ಯಾಮಿನ ಸ್ಪರ್ಧೆಯಲ್ಲಿ ಕಾಪಬ್ಲಾಂಕನು ಅಲೆಖಿನನನ್ನು ಸೋಲಿಸಿ, ಬೊಟ್ವಿನ್ನಿಕನೊಡನೆ ಪ್ರಥಮ ಸ್ಥಾನವನ್ನು ಹಂಚಿಕೊಂಡನು. ಆದರೆ ಮರುಪಂದ್ಯದ ಆಸೆ ಕೈಗೂಡಲಿಲ್ಲ. 1942ನೆಯ ಇಸವಿ ಮಾರ್ಚ್ 8ರಂದು ಅವನು ನ್ಯೂಯಾರ್ಕಿನಲ್ಲಿ ನಿಧನ ಹೊಂದಿದನು. 1946ರಲ್ಲಿ ಅಲೆಖಿನನು ಜಗಜ್ಜೇತನಾಗಿಯೇ ತೀರಿಕೊಂಡನು. ಅನಂತರ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವು 1948ರಲ್ಲಿ ಸ್ಪರ್ಧೆಯನ್ನು ನಡೆಸಿ ಹೊಸ ಜೇತನನ್ನು ಆರಿಸಿತು. ಸವಾಲುಗಾರನನ್ನು ಆರಿಸುವ ಹೊಣೆಯನ್ನೂ ತಾನೇ ಹೊತ್ತಿತು. ಪಟ್ಟವು ಗೆದ್ದವನ ಆಸ್ತಿಯಲ್ಲ, ಆಟದ ಸೊತ್ತು ಎಂಬುದನ್ನು ಕಾಪಬ್ಲಾಂಕನ ಜೀವನವು ಮನಗಾಣಿಸುತ್ತದೆ.