ಒಟ್ಟೊ ಬೇಯರ್

ಒಟ್ಟೊ ಬೇಯರ್ (4 ನವೆಂಬರ್ 1902 – 1 ಆಗಸ್ಟ್ 1982) ಜರ್ಮನಿಯ ಕೈಗಾರಿಕಾ ರಸಾಯನವಿಜ್ಞಾನಿ. ಪಾಲಿಯುರಥೇನ್ ಪ್ಲಾಸ್ಟಿಕ್‌ನ ಜನಕರೆಂದು ಪ್ರಸಿದ್ಧರು. ಹಾಸಿಗೆ, ಸೋಫಾ, ರೆಫ್ರಿಜರೇಟರ್ ಹಾಗೂ ಶೀತಲಗೃಹಗಳ ಗೋಡೆಗಳಲ್ಲಿ ಬಳಸುವ ಫೋಮ್ ಇವರ ಸಂಶೋಧನೆಯ ಫಲ. ಅದು ಉರಿದಾಗ ಹೊಮ್ಮುವ ವಿಷಹೊಗೆ ಅಗ್ನಿಸುರಕ್ಷತೆಯ ಮುಖ್ಯ ಸಮಸ್ಯೆಗಳಲ್ಲಿ ಒಂದಾಗಿದೆ.

ಜನನ ಮತ್ತು ಶಿಕ್ಷಣ

ಬೇಯರ್ ಅವರು ಫ್ರಾಂಕ್‌ಫರ್ಟ್ ನಗರದಲ್ಲಿ ಜನಿಸಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಯೂಲಿಯಸ್ ಫಾನ್ ಬ್ರೌನ್ ಅವರ ಮಾರ್ಗದರ್ಶನದಲ್ಲಿ 1924ರಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ಐ.ಜಿ. ಫಾರ್ಬೆನ್ ಸಂಸ್ಥೆಯನ್ನು ಸೇರಿ, ಮೂವತ್ತರ ಹರೆಯದಲ್ಲೇ ಅದರ ಲೆವರ್‌ಕೂಸನ್ ಪ್ರಯೋಗಾಲಯದ ಮುಖ್ಯಸ್ಥರಾದರು. ಬೇಯರ್ ಔಷಧ ಕಂಪನಿಯನ್ನು ಸ್ಥಾಪಿಸಿದ ಕುಟುಂಬಕ್ಕೆ ಇವರು ಸೇರಿದವರಲ್ಲ.

ಪಾಲಿಯುರಥೇನ್ ಸಂಶೋಧನೆ

ಅಮೆರಿಕದಲ್ಲಿ ನೈಲಾನ್ ರೂಪುಗೊಂಡಿದ್ದ ಕಾಲದಲ್ಲಿ, ಅದರ ಪೇಟೆಂಟುಗಳ ವ್ಯಾಪ್ತಿಗೆ ಒಳಪಡದ ಹೊಸ ಪಾಲಿಮರ್ ಒಂದನ್ನು ಪಡೆಯಲು ಬೇಯರ್ ಯತ್ನಿಸಿದರು. ಡೈಐಸೊಸಯನೇಟ್‌ಗಳನ್ನು ಡಯಾಲ್‌ಗಳೊಂದಿಗೆ ಕೂಡಿಸುವ ವಿಧಾನವನ್ನು ಅವರೂ ಅವರ ಸಹೋದ್ಯೋಗಿಗಳೂ 1937ರಲ್ಲಿ ರೂಪಿಸಿದರು. ಮಿಶ್ರಣದಲ್ಲಿ ತೇವಾಂಶವಿದ್ದರೆ ಐಸೊಸಯನೇಟ್ ನೀರಿನೊಂದಿಗೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತಿತ್ತು. ಇದರಿಂದ ವಸ್ತುವಿನಲ್ಲಿ ಗುಳ್ಳೆಗಳು ಉಂಟಾಗುತ್ತಿದ್ದವು. ಮೊದಲಿಗೆ ದೋಷವೆಂದು ತೋರಿದ ಈ ಗುಣವೇ ಫೋಮ್ ತಯಾರಿಕೆಗೆ ದಾರಿಯಾಯಿತು.

ಪ್ರಶಸ್ತಿ ಮತ್ತು ನಿಧನ

1975ರಲ್ಲಿ ಇವರಿಗೆ ಚಾರ್ಲ್ಸ್ ಗುಡ್‌ಇಯರ್ ಪದಕ ದೊರೆಯಿತು. 1982ರಲ್ಲಿ ಬುರ್‌ಷೈಡ್‌ನಲ್ಲಿ ನಿಧನರಾದರು.

ವಿಷಹೊಗೆ ಮತ್ತು ಅಗ್ನಿಸುರಕ್ಷತೆ

ಪಾಲಿಯುರಥೇನ್ ಅಣುವಿನಲ್ಲಿ ಸಾರಜನಕವಿರುವುದರಿಂದ, ಸಾಕಷ್ಟು ಗಾಳಿಯಿಲ್ಲದೆ ಅದು ಉರಿದಾಗ ಕಾರ್ಬನ್ ಮಾನಾಕ್ಸೈಡ್‌ನೊಂದಿಗೆ ಹೈಡ್ರೋಜನ್ ಸಯನೈಡ್ ಅನಿಲವೂ ಹುಟ್ಟುತ್ತದೆ. ಮೊದಲನೆಯದು ರಕ್ತ ಆಮ್ಲಜನಕವನ್ನು ಸಾಗಿಸುವುದನ್ನು ತಡೆಯುತ್ತದೆ. ಎರಡನೆಯದು ಜೀವಕೋಶಗಳು ಆಮ್ಲಜನಕವನ್ನು ಬಳಸುವುದನ್ನು ತಡೆಯುತ್ತದೆ. ಹೀಗಾಗಿ ಬೆಂಕಿ ತಲುಪುವ ಮೊದಲೇ ಹೊಗೆಯಿಂದ ಸಾವು ಸಂಭವಿಸಬಹುದು.

ಬೇಯರ್ ಅವರ ಜೀವಿತಕಾಲದಲ್ಲೇ, 8 ಮೇ 1979ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ವೂಲ್‌ವರ್ತ್ಸ್ ಮಳಿಗೆಯಲ್ಲಿ ಪಾಲಿಯುರಥೇನ್ ಫೋಮ್ ಇದ್ದ ಪೀಠೋಪಕರಣಗಳಿಗೆ ಬೆಂಕಿ ತಗುಲಿ 10 ಮಂದಿ ಮೃತಪಟ್ಟರು. ಪೀಠೋಪಕರಣಗಳ ಅಗ್ನಿಸುರಕ್ಷತೆಗಾಗಿ ಬ್ರಿಟನ್ 1988ರಲ್ಲಿ ಕಠಿಣ ನಿಯಮಗಳನ್ನು ಜಾರಿಗೆ ತಂದಿತು. 2017ರಲ್ಲಿ 72 ಮಂದಿಯನ್ನು ಬಲಿ ಪಡೆದ ಲಂಡನ್ನಿನ ಗ್ರೆನ್‌ಫೆಲ್ ಟವರ್ ಅಗ್ನಿದುರಂತದಲ್ಲಿ, ಗೋಡೆಗಳ ಶಾಖನಿರೋಧಕವಾಗಿದ್ದುದು ಮುಖ್ಯವಾಗಿ ಇದೇ ವರ್ಗಕ್ಕೆ ಸೇರಿದ ಪಾಲಿಐಸೊಸಯನ್ಯುರೇಟ್ ಫೋಮ್. ಅಗ್ನಿನಿರೋಧಕ ರಾಸಾಯನಿಕಗಳು ಫೋಮ್ ಹೊತ್ತಿಕೊಳ್ಳುವುದನ್ನು ತಡಮಾಡುತ್ತವೆಯೇ ಹೊರತು ಹೊಗೆಯ ವಿಷವನ್ನು ಇಲ್ಲವಾಗಿಸುವುದಿಲ್ಲ.

ಕರ್ನಾಟಕದಲ್ಲಿ ಬಳಕೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮೊದಲಾದ ತಾಲ್ಲೂಕುಗಳನ್ನೊಳಗೊಂಡ ವಿಜಯಪುರ ಜಿಲ್ಲೆ ದ್ರಾಕ್ಷಿಗೆ ಹೆಸರಾಗಿದೆ. ಇಲ್ಲಿನ ಒಣದ್ರಾಕ್ಷಿಯನ್ನು ಶೀತಲಗೃಹಗಳಲ್ಲಿ ದಾಸ್ತಾನು ಮಾಡಲಾಗುತ್ತದೆ. ಶೀತಲಗೃಹಗಳ ನಿರ್ಮಾಣದಲ್ಲಿ ಬಳಸುವ ಪಫ್ ಫಲಕಗಳ ಎರಡು ತಗಡುಗಳ ನಡುವೆ ಇರುವುದು ಪಾಲಿಯುರಥೇನ್ ಫೋಮ್. ಇಂತಹ ಕಟ್ಟಡಗಳಿಗೆ ಕಿಟಕಿಗಳಿರುವುದಿಲ್ಲ. ತಗಡಿನ ಒಳಗೆ ಹರಡುವ ಬೆಂಕಿ ಹೊರಗೆ ಕಾಣುವುದೂ ಇಲ್ಲ. ಆದುದರಿಂದ ಫಲಕಗಳ ಬಳಿ ವೆಲ್ಡಿಂಗ್ ಮಾಡದಿರುವುದು, ವಿದ್ಯುತ್ ತಂತಿಗಳನ್ನು ಫೋಮ್‌ಗೆ ತಾಗದಂತೆ ಕೊಳವೆಯಲ್ಲಿ ಒಯ್ಯುವುದು ಮತ್ತು ಒಳಗಿನಿಂದ ತೆರೆಯಬಲ್ಲ ತುರ್ತುದ್ವಾರಗಳನ್ನು ಇರಿಸುವುದು ಮುಖ್ಯ ಸುರಕ್ಷತಾ ಕ್ರಮಗಳಾಗಿವೆ.